ಪಟಾಕಿ ಗೆಲಾಕ್ಸಿಯಲ್ಲಿ ಸೂಪರ್‌ನೋವಾ ಹುಡುಕುವ ಕ್ರಮ: ಎನ್‌ಜಿಸಿ 6946 ಕೈಪಿಡಿ

1917ರ ಜುಲೈಯಲ್ಲಿ ಖಗೋಳಜ್ಞ ಜಾರ್ಜ್ ರಿಚಿ ಅಮೆರಿಕದ ಮೌಂಟ್ ವಿಲ್ಸನ್ ವೀಕ್ಷಣಾಲಯದ 60 ಇಂಚಿನ ದೂರದರ್ಶಕದಿಂದ ಒಂದು ಸುರುಳಿ ನೀಹಾರಿಕೆಯ ಚಿತ್ರ ತೆಗೆದರು. ಗಾಜಿನ ಫಲಕದಲ್ಲಿ ಅಲ್ಲಿಯವರೆಗೆ ಇರದಿದ್ದ ಒಂದು ಚುಕ್ಕಿ ಮೂಡಿತ್ತು. ಆ ಒಂದು ಚುಕ್ಕಿಯಿಂದಾಗಿ ರಿಚಿ, ಹೀಬರ್ ಕರ್ಟಿಸ್ ಮುಂತಾದವರು ಕಪಾಟಿನಲ್ಲಿದ್ದ ಹಳೆಯ ಫಲಕಗಳನ್ನೆಲ್ಲ ಹೊರತೆಗೆದು ಬೇರೆ ಸುರುಳಿಗಳಲ್ಲೂ ಇಂಥ ಚುಕ್ಕಿಗಳಿವೆಯೇ ಎಂದು ಜಾಲಾಡಿದರು. ಸಿಕ್ಕ ಚುಕ್ಕಿಗಳು ತೀರಾ ಮಂದವಾಗಿದ್ದವು, ಅಂದರೆ ಬಹಳ ದೂರದವಾಗಿರಬೇಕಿತ್ತು. ಈ ಸುರುಳಿಗಳು ಆಕಾಶಗಂಗೆಯ ಒಳಗಿನ ಮೋಡಗಳಲ್ಲ, ಅದರಾಚೆಗಿನ ಸ್ವತಂತ್ರ ಗೆಲಾಕ್ಸಿಗಳು ಎಂಬ ಕರ್ಟಿಸ್ ವಾದಕ್ಕೆ ಬಲ ಬಂದದ್ದು ಹೀಗೆ.

ಅಂದು ಚಿತ್ರ ತೆಗೆದದ್ದು ಎನ್‌ಜಿಸಿ 6946. ವಿಲಿಯಂ ಹರ್ಷೆಲ್ 1798ರಲ್ಲಿ ಗುರುತಿಸಿದ ಈ ಗೆಲಾಕ್ಸಿಯಲ್ಲಿ 1917ರಿಂದ 2017ರವರೆಗಿನ ನೂರು ವರ್ಷಗಳಲ್ಲಿ ಹತ್ತು ಸೂಪರ್‌ನೋವಾಗಳು, ಅಂದರೆ ನಕ್ಷತ್ರವೊಂದು ಸಾಯುವಾಗಿನ ಭಾರಿ ಸ್ಫೋಟಗಳು, ದಾಖಲಾಗಿವೆ. ಆಕಾಶಗಂಗೆಯಂಥ ಗೆಲಾಕ್ಸಿಯಲ್ಲಿ ಶತಮಾನಕ್ಕೆ ಒಂದೆರಡು ಎಂಬ ಅಂದಾಜಿನ ಮುಂದೆ ಇದು ಬಹಳವೇ ಹೆಚ್ಚು. ‘ಪಟಾಕಿ ಗೆಲಾಕ್ಸಿ’ ಎಂಬ ಅಡ್ಡಹೆಸರು ಬಂದದ್ದೂ ಅದಕ್ಕೇ.

ಸೂಪರ್‌ನೋವಾ ಹುಡುಕಲು ದೊಡ್ಡ ದೂರದರ್ಶಕವೇ ಬೇಕು ಎಂಬುದು ತಪ್ಪು ಕಲ್ಪನೆ. ಬೇಕಾದದ್ದು ನಿಮ್ಮದೇ ಹಳೆಯ ಚಿತ್ರ. ಅದಿಲ್ಲದಿದ್ದರೆ ಚಿತ್ರದಲ್ಲಿನ ಪ್ರತಿ ಚುಕ್ಕಿಯೂ ಹೊಸದಾಗಿ ಕಾಣುತ್ತದೆ. ಅದಿದ್ದರೆ ಹೊಸದು ಮಾತ್ರ ಹೊಸದು. ಮುಂದಿನ ಹಂತಗಳೆಲ್ಲ ಈ ಒಂದು ಸಂಗತಿಯ ಸುತ್ತಲೇ ಇವೆ.

ಈ ಗೆಲಾಕ್ಸಿಯನ್ನೇ ಏಕೆ ಆರಿಸಬೇಕು

ದೂರ ಸುಮಾರು 2.5 ಕೋಟಿ ಜ್ಯೋತಿರ್ವರ್ಷ, ಅಂದರೆ 7.7 ಮೆಗಾಪಾರ್ಸೆಕ್. ಗೆಲಾಕ್ಸಿಗಳ ಲೆಕ್ಕದಲ್ಲಿ ಇದು ನೆರೆಮನೆ. ತಟ್ಟೆ ನಮ್ಮ ಕಡೆಗೆ ಮುಖಮಾಡಿ ನಿಂತಿರುವುದರಿಂದ ಸುರುಳಿ ತೋಳುಗಳೆಲ್ಲ ತೆರೆದು ಕಾಣುತ್ತವೆ. ಅಡ್ಡಲಾಗಿ ಕಾಣುವ ಗೆಲಾಕ್ಸಿಗಳಲ್ಲಿ ಧೂಳಿನ ಪಟ್ಟಿಯ ಹಿಂದೆ ಸ್ಫೋಟ ಅಡಗಿಹೋಗುವ ಸಾಧ್ಯತೆ ಹೆಚ್ಚು. ತೋಳುಗಳಲ್ಲಿ ಹೊಸ ನಕ್ಷತ್ರಗಳು ಭರದಿಂದ ಹುಟ್ಟುತ್ತಿವೆ. ಭಾರಿ ನಕ್ಷತ್ರಗಳ ಆಯುಸ್ಸು ಕೆಲವೇ ಕೋಟಿ ವರ್ಷವಾದ್ದರಿಂದ ಹುಟ್ಟು ಹೆಚ್ಚಿರುವಲ್ಲಿ ಸಾವೂ ಹೆಚ್ಚು. ಇಲ್ಲಿ ಬಗೆ ಖಚಿತವಾದ ಸೂಪರ್‌ನೋವಾಗಳೆಲ್ಲ ಎರಡನೆಯ ಬಗೆಯವು: ಭಾರಿ ನಕ್ಷತ್ರದ ತಿರುಳು ಕುಸಿದು ಆದ ಸ್ಫೋಟಗಳು, ರೋಹಿತದಲ್ಲಿ (ಬಣ್ಣಬಣ್ಣವಾಗಿ ಬಿಡಿಸಿದ ಬೆಳಕಿನಲ್ಲಿ) ಹೈಡ್ರೋಜನ್ ಗೆರೆಗಳಿರುವಂಥವು.

ಸ್ಥಾನದಿಂದಲೂ ಒಂದು ಲಾಭವಿದೆ. ಈ ಗೆಲಾಕ್ಸಿ ಕ್ರಾಂತಿವೃತ್ತದಿಂದ, ಅಂದರೆ ಆಕಾಶದಲ್ಲಿ ಸೂರ್ಯ ಸಾಗುವ ದಾರಿಯಿಂದ, ಸುಮಾರು 72 ಡಿಗ್ರಿ ಉತ್ತರಕ್ಕಿದೆ. ಚಂದ್ರ ಎಂದೂ ಇದರ 66 ಡಿಗ್ರಿಯೊಳಗೆ ಬರುವುದಿಲ್ಲ. ಹುಣ್ಣಿಮೆಯ ಆಸುಪಾಸಿನಲ್ಲೂ ಒಂದು ಕೆಲಸಕ್ಕೆ ಬರುವ ಚಿತ್ರ ಸಿಗುತ್ತದೆ. ಕ್ಷುದ್ರಗ್ರಹಗಳು ಇತ್ತ ಸುಳಿಯುವುದೂ ಅಪರೂಪ.

ನಷ್ಟವೂ ಇದೆ. ಆಕಾಶಗಂಗೆಯ ಸಮತಲದಿಂದ ಬರೇ 12 ಡಿಗ್ರಿ ದೂರದಲ್ಲಿರುವುದರಿಂದ ನಮ್ಮದೇ ಗೆಲಾಕ್ಸಿಯ ಧೂಳು ದೃಗ್ಗೋಚರ ಬೆಳಕಿನಲ್ಲಿ ಸುಮಾರು 0.9 ಕಾಂತಿಮಾನದಷ್ಟನ್ನು ನುಂಗುತ್ತದೆ (ಕಾಂತಿಮಾನ ಪ್ರಕಾಶದ ಅಳತೆ, ಅಂಕಿ ಹೆಚ್ಚಿದಷ್ಟೂ ಮಂದ). ಅಂದರೆ ಅರ್ಧಕ್ಕಿಂತ ಹೆಚ್ಚು ಬೆಳಕು ದಾರಿಯಲ್ಲೇ ಹೋಯಿತು. ಮುನ್ನೆಲೆಯಲ್ಲಿ ನಮ್ಮ ನಕ್ಷತ್ರಗಳ ದಟ್ಟಣೆಯೂ ಇದೆ, ಅವುಗಳಲ್ಲಿ ಕೆಲವು ಪ್ರಕಾಶ ಬದಲಾಗುತ್ತಿರುವ ಚರ ನಕ್ಷತ್ರಗಳು. ಸುಳ್ಳು ಸುದ್ದಿ ಹುಟ್ಟುವುದು ಹೆಚ್ಚಾಗಿ ಇವುಗಳಿಂದ.

ಹಂತ 1: ಯಾವಾಗ, ಎಲ್ಲಿ

ಆಕಾಶದ ರೇಖಾಂಶ ಮತ್ತು ಅಕ್ಷಾಂಶದಂಥ ಎರಡು ಅಳತೆಗಳು ಇವು: ವಿಷುವದಂಶ 20 ಗಂಟೆ 34 ನಿಮಿಷ 52 ಸೆಕೆಂಡು. ಘಂಟಾವೃತ್ತಾಂಶ ಉತ್ತರ 60 ಡಿಗ್ರಿ 9 ಮಿನಿಟು. ಜುಲೈ ಕೊನೆಯಲ್ಲಿ ನಡುರಾತ್ರಿಗೆ ನೆತ್ತಿಗೆರೆ (ಉತ್ತರದಿಂದ ನೆತ್ತಿಯ ಮೇಲೆ ದಕ್ಷಿಣಕ್ಕೆ ಹೋಗುವ ಗೆರೆ) ದಾಟುತ್ತದೆ, ಸೆಪ್ಟೆಂಬರ್ ಮಧ್ಯದಲ್ಲಿ ರಾತ್ರಿ ಒಂಬತ್ತರ ಸುಮಾರಿಗೆ.

ನಿಮ್ಮ ಊರಿನಲ್ಲಿ ಎಷ್ಟು ಎತ್ತರಕ್ಕೆ ಬರುತ್ತದೆ ಎಂದು ತಿಳಿಯಲು 60ಕ್ಕೂ ನಿಮ್ಮ ಅಕ್ಷಾಂಶಕ್ಕೂ ಇರುವ ವ್ಯತ್ಯಾಸವನ್ನು 90ರಿಂದ ಕಳೆಯಿರಿ. ಉತ್ತರ 15 ಡಿಗ್ರಿಯಲ್ಲಿ 45 ಡಿಗ್ರಿ, 40 ಡಿಗ್ರಿಯಲ್ಲಿ 70 ಡಿಗ್ರಿ. ಉತ್ತರ 30 ಡಿಗ್ರಿಗಿಂತ ಮೇಲಿರುವವರಿಗೆ ಇದು ಮುಳುಗುವುದೇ ಇಲ್ಲ. ಉಳಿದವರಿಗೆ ಜನವರಿಯಿಂದ ಮಾರ್ಚ್‌ವರೆಗೆ ಸಂಜೆಯಲ್ಲೂ ಬೆಳಗಿನ ಜಾವದಲ್ಲೂ ದಿಗಂತಕ್ಕೆ ಅಂಟಿಕೊಂಡಿರುತ್ತದೆ, ಆ ತಿಂಗಳುಗಳನ್ನು ಬಿಟ್ಟುಬಿಡಿ. ಗೆಲಾಕ್ಸಿ 30 ಡಿಗ್ರಿಗಿಂತ ಮೇಲಿದ್ದಾಗ ಮಾತ್ರ ಚಿತ್ರ ತೆಗೆಯಿರಿ. ಅದಕ್ಕಿಂತ ಕೆಳಗೆ ವಾತಾವರಣದ ದಪ್ಪ ಎರಡು ಪಟ್ಟಿಗೂ ಮೀರುತ್ತದೆ, ಚುಕ್ಕಿಗಳು ಉಬ್ಬುತ್ತವೆ, ಹಳೆಯ ಚಿತ್ರದೊಂದಿಗೆ ಹೋಲಿಸುವುದು ಕಷ್ಟವಾಗುತ್ತದೆ.

ಹುಡುಕುವ ದಾರಿ ಸುಲಭ. ಧ್ರುವ ನಕ್ಷತ್ರದ ಪಕ್ಕದ ಸೀಫಿಯಸ್ ಪುಂಜ, ಅಂದರೆ ನಮ್ಮ ಯುಧಿಷ್ಠಿರ. ಅದರ ಅತಿ ಪ್ರಕಾಶದ ನಕ್ಷತ್ರ ಆಲ್ಡೆರಾಮಿನ್. ಅಲ್ಲಿಂದ 4 ಡಿಗ್ರಿ ಪಶ್ಚಿಮಕ್ಕೆ ಈಟಾ ಸೀಫೈ, ಕಾಂತಿಮಾನ 3.4. ಈಟಾದಿಂದ ನೈಋತ್ಯಕ್ಕೆ 2 ಡಿಗ್ರಿ ಸರಿದರೆ ಸೀಫಿಯಸ್ ಮತ್ತು ಸಿಗ್ನಸ್ ಪುಂಜಗಳ ಗಡಿಯಲ್ಲೇ ಗೆಲಾಕ್ಸಿ ಇದೆ. ಅದರ ವಾಯವ್ಯಕ್ಕೆ ಸುಮಾರು 40 ಆರ್ಕ್‌ಮಿನಿಟ್ (ಒಂದು ಡಿಗ್ರಿಗೆ 60 ಆರ್ಕ್‌ಮಿನಿಟ್) ದೂರದಲ್ಲಿ ಎನ್‌ಜಿಸಿ 6939 ಎಂಬ ನಕ್ಷತ್ರಗುಚ್ಛವಿದೆ. ಕಣ್ಣಿಗೆ ಮೊದಲು ಬೀಳುವುದು ಗುಚ್ಛವೇ. ಅದು ಸಿಕ್ಕಿತೆಂದರೆ ಗೆಲಾಕ್ಸಿಯೂ ಸಿಕ್ಕಂತೆ.

ಕಣ್ಣಿಟ್ಟು ನೋಡುವವರಿಗೆ ಒಂದು ಎಚ್ಚರಿಕೆ. ಪಟ್ಟಿಗಳಲ್ಲಿ ಇದರ ಕಾಂತಿಮಾನ 9ರ ಆಸುಪಾಸು ಎಂದಿರುತ್ತದೆ. ಅದನ್ನು ನಂಬಿ 9ನೇ ಕಾಂತಿಮಾನದ ನಕ್ಷತ್ರದಷ್ಟು ಸಲೀಸು ಎಂದುಕೊಂಡರೆ ನಿರಾಶೆ ಖಚಿತ. ಅಷ್ಟೂ ಬೆಳಕು ಸುಮಾರು 11 ಆರ್ಕ್‌ಮಿನಿಟ್ ಅಗಲಕ್ಕೆ ಹರಡಿಕೊಂಡಿದೆ. 150 ಮಿಮೀ ದೂರದರ್ಶಕದಲ್ಲಿ, ಕತ್ತಲೆ ಆಕಾಶದಲ್ಲಿ, ಉಸಿರು ತಾಗಿದ ಗಾಜಿನ ಮಸುಕಿನಂತೆ ಕಾಣುತ್ತದೆ. ನಗರದ ದೀಪಗಳ ಕೆಳಗೆ ಎಷ್ಟು ದೊಡ್ಡ ಕನ್ನಡಿಯಿದ್ದರೂ ಏನೂ ಕಾಣದಿರಬಹುದು. ವಿಚಿತ್ರವೆಂದರೆ ಸೂಪರ್‌ನೋವಾ ಅಂಥ ಆಕಾಶದಲ್ಲೂ ಕಾಣಬಲ್ಲದು, ಏಕೆಂದರೆ ಅದು ಚುಕ್ಕಿ: ಗೆಲಾಕ್ಸಿಯೇ ಕಾಣದಲ್ಲಿ ಅದರೊಳಗಿನ ಒಂದೇ ಒಂದು ನಕ್ಷತ್ರ ಕಾಣುತ್ತದೆ!

ಹಂತ 2: ಸಲಕರಣೆಯ ಲೆಕ್ಕ

ಕನ್ನಡಿ ಅಥವಾ ಮಸೂರ 100 ಮಿಮೀ ಇದ್ದರೂ ಸಾಕು, 150ರಿಂದ 200 ಇದ್ದರೆ ನಿಶ್ಚಿಂತೆ. ನಕ್ಷತ್ರಗಳನ್ನು ಹಿಂಬಾಲಿಸುವ ಈಕ್ವಟೋರಿಯಲ್ ಮೌಂಟ್ ಬೇಕೇ ಬೇಕು. ಕ್ಯಾಮೆರಾ ಏಕವರ್ಣದ್ದಾದರೆ ಒಳ್ಳೆಯದು, ಬಣ್ಣದ್ದಾದರೂ ನಡೆಯುತ್ತದೆ.

ಒಂದು ಪಿಕ್ಸೆಲ್‌ಗೆ ಎಷ್ಟು ಆಕಾಶ ಎಂದು ಮೊದಲು ಲೆಕ್ಕ ಹಾಕಿ: ಪಿಕ್ಸೆಲ್‌ನ ಗಾತ್ರವನ್ನು ಮೈಕ್ರಾನ್‌ನಲ್ಲಿ ತೆಗೆದುಕೊಂಡು 206ರಿಂದ ಗುಣಿಸಿ, ಮಿಮೀ ಲೆಕ್ಕದ ಸಂಗಮದೂರದಿಂದ ಭಾಗಿಸಿ. 3.76 ಮೈಕ್ರಾನ್ ಪಿಕ್ಸೆಲ್, 750 ಮಿಮೀ ಸಂಗಮದೂರ ಇದ್ದರೆ 1.03 ಆರ್ಕ್‌ಸೆಕೆಂಡ್ (ಒಂದು ಆರ್ಕ್‌ಮಿನಿಟ್‌ಗೆ 60 ಆರ್ಕ್‌ಸೆಕೆಂಡ್). ಈ ಕೆಲಸಕ್ಕೆ ಇದು ಹದವಾದದ್ದು. 3 ಆರ್ಕ್‌ಸೆಕೆಂಡ್‌ಗಿಂತ ಹೆಚ್ಚಾದರೆ ತೋಳಿನೊಳಗಿನ ಗಂಟುಗಳೂ ನಕ್ಷತ್ರಗಳೂ ಒಂದಕ್ಕೊಂದು ಬೆರೆತುಹೋಗುತ್ತವೆ. 0.5ಕ್ಕಿಂತ ಕಡಿಮೆಯಾದರೆ ಬೆಳಕು ಅನಗತ್ಯವಾಗಿ ಹಂಚಿಹೋಗುತ್ತದೆ, ವಾತಾವರಣದ ಅಲುಗಾಟದಿಂದಾಗಿ ಆ ಸೂಕ್ಷ್ಮತೆ ದಕ್ಕುವುದೂ ಇಲ್ಲ.

ಹಂತ 3: ಆಧಾರಚಿತ್ರ

ಇಡೀ ಕೆಲಸದಲ್ಲಿ ಹೆಚ್ಚು ಹೊತ್ತು ಕೊಡಬೇಕಾದದ್ದು ಇಲ್ಲಿ. ಅಮಾವಾಸ್ಯೆಯ ಹತ್ತಿರದ, ಗಾಳಿ ಶಾಂತವಾಗಿರುವ ಒಂದು ರಾತ್ರಿ ಆರಿಸಿಕೊಳ್ಳಿ. 60 ಸೆಕೆಂಡಿನ 120 ಚಿತ್ರ, ಒಟ್ಟು ಎರಡು ಗಂಟೆ. ಪ್ರತಿ ಐದಾರು ಚಿತ್ರಗಳಿಗೊಮ್ಮೆ ದೂರದರ್ಶಕವನ್ನು ಹತ್ತಿಪ್ಪತ್ತು ಪಿಕ್ಸೆಲ್‌ನಷ್ಟು ಸರಿಸಿ. ಸರಿಸದಿದ್ದರೆ ಸಂವೇದಕದ ಕೆಟ್ಟ ಪಿಕ್ಸೆಲ್‌ಗಳು ಪ್ರತಿ ಚಿತ್ರದಲ್ಲೂ ಆಕಾಶದ ಅದೇ ಜಾಗಕ್ಕೆ ಬಿದ್ದು, ಒಟ್ಟುಗೂಡಿಸಿದಾಗ ಅಚ್ಚುಕಟ್ಟಾದ ನಕಲಿ ನಕ್ಷತ್ರವಾಗುತ್ತವೆ.

ಅದೇ ಉಷ್ಣತೆಯಲ್ಲಿ, ಅಷ್ಟೇ ಅವಧಿಯ, ಮುಚ್ಚಳ ಹಾಕಿ ತೆಗೆದ 30 ಡಾರ್ಕ್ ಚಿತ್ರ. ಸಮಾನ ಬೆಳಕಿನ ಹಿನ್ನೆಲೆಯಲ್ಲಿ 30 ಫ್ಲಾಟ್ ಚಿತ್ರ. ಫ್ಲಾಟ್ ಬಿಟ್ಟರೆ ಏನಾಗುತ್ತದೆ? ನೋಡಲು ಚಿತ್ರ ಚೆನ್ನಾಗಿಯೇ ಇರುತ್ತದೆ. ಆದರೆ ಅಂಚಿಗೆ ಬೆಳಕು ಕುಗ್ಗುವುದರಿಂದ ಮುಂದೆ ಕಾಂತಿಮಾನ ಅಳೆಯುವಾಗ ಹೋಲಿಕೆಯ ನಕ್ಷತ್ರ ಅಂಚಿನಲ್ಲಿದ್ದರೆ ಉತ್ತರವೇ ತಪ್ಪುತ್ತದೆ.

ಸಿರಿಲ್ ಅಥವಾ ಆಸ್ಟ್ಯಾಪ್ ತಂತ್ರಾಂಶದಲ್ಲಿ ಚಿತ್ರಗಳನ್ನು ಜೋಡಿಸಿ ಒಟ್ಟುಗೂಡಿಸಿ. ಉಳಿದವುಗಳಿಂದ ತೀರಾ ಬೇರೆಯಾದ ಎಣಿಕೆಗಳನ್ನು ಕಿತ್ತುಹಾಕುವ ಸಿಗ್ಮಾ ಕ್ಲಿಪಿಂಗ್ ಇರಲಿ, ಕಾಸ್ಮಿಕ್ ಕಿರಣಗಳ ಗೀರು ಮತ್ತು ಉಪಗ್ರಹಗಳ ಗೆರೆ ಅದರಿಂದ ಹೋಗುತ್ತವೆ. ಆಮೇಲೆ ಪ್ಲೇಟ್ ಸಾಲ್ವಿಂಗ್ ಮಾಡಿಸಿ. ಅಂದರೆ ಪ್ರತಿ ಪಿಕ್ಸೆಲ್ ಆಕಾಶದ ಯಾವ ಬಿಂದು ಎಂದು ತಂತ್ರಾಂಶ ನಕ್ಷತ್ರಪಟ್ಟಿಯೊಂದಿಗೆ ತಾಳೆ ನೋಡಿ ಕಂಡುಕೊಳ್ಳುತ್ತದೆ. ಫಲಿತಾಂಶವನ್ನು ಖಗೋಳ ಚಿತ್ರಗಳಿಗೆಂದೇ ಇರುವ ಫಿಟ್ಸ್ ರೂಪದಲ್ಲೇ ಉಳಿಸಿ. ಜೆಪಿಇಜಿ ಮಾಡಿದರೆ ಅಳತೆಗೆ ಬೇಕಾದ ಮಾಹಿತಿ ಹೋಯಿತು.

ಈ ಚಿತ್ರದ ಮೇಲೆ ಹಳೆಯ ಸ್ಫೋಟಗಳ ಜಾಗಗಳನ್ನು ಗುರುತು ಹಾಕಿ ನೋಡಿ. ಕೆಳಗಿನ ದೂರಗಳು ಗೆಲಾಕ್ಸಿಯ ನಡುಬಿಂದುವಿನಿಂದ, ಆರ್ಕ್‌ಸೆಕೆಂಡ್‌ಗಳಲ್ಲಿ (ಎಸ್‌ಎನ್ ಎಂದರೆ ಸೂಪರ್‌ನೋವಾ, ಜೊತೆಗಿರುವುದು ಸಿಕ್ಕ ವರ್ಷ):

- ಎಸ್‌ಎನ್ 1980ಕೆ: ಪೂರ್ವಕ್ಕೆ 280, ದಕ್ಷಿಣಕ್ಕೆ 170. ಪೌಲ್ ವೈಲ್ಡ್ ಕಂಡದ್ದು.
- ಎಸ್‌ಎನ್ 2002ಎಚ್‌ಎಚ್: ಪಶ್ಚಿಮಕ್ಕೆ 61, ದಕ್ಷಿಣಕ್ಕೆ 114.
- ಎಸ್‌ಎನ್ 2004ಇಟಿ: ಪೂರ್ವಕ್ಕೆ 247, ದಕ್ಷಿಣಕ್ಕೆ 115. ಇಟಲಿಯ ಹವ್ಯಾಸಿ ಸ್ಟೆಫಾನೊ ಮೊರೆಟ್ಟಿ ಸೆಪ್ಟೆಂಬರ್ 27ರಂದು ಪತ್ತೆಹಚ್ಚಿದರು.
- ಎಸ್‌ಎನ್ 2008ಎಸ್: ಪಶ್ಚಿಮಕ್ಕೆ 53, ದಕ್ಷಿಣಕ್ಕೆ 196.
- ಎಸ್‌ಎನ್ 2017ಇಎಡಬ್ಲ್ಯೂ: ಪಶ್ಚಿಮಕ್ಕೆ 61, ಉತ್ತರಕ್ಕೆ 143. ಅಮೆರಿಕದ ಹವ್ಯಾಸಿ ಪ್ಯಾಟ್ರಿಕ್ ವಿಗಿನ್ಸ್ ಮೇ 14ರಂದು, ಕಾಂತಿಮಾನ 12.8 ಇದ್ದಾಗ.

ಇವುಗಳ ಜೊತೆಗೆ 1917, 1939, 1948, 1968 ಮತ್ತು 1969ರವು ಸೇರಿದರೆ ಹತ್ತು. ಗುರುತು ಹಾಕುವುದು ಅಲಂಕಾರಕ್ಕಲ್ಲ. ನಿಮ್ಮ ಚಿತ್ರದಲ್ಲಿ ದಿಕ್ಕು ಮತ್ತು ಅಳತೆ ಸರಿಯಾಗಿವೆಯೇ ಎಂಬುದಕ್ಕೆ ಇದೇ ಪರೀಕ್ಷೆ. ಮೇಲಿನ 1.03 ಆರ್ಕ್‌ಸೆಕೆಂಡ್ ಲೆಕ್ಕದಲ್ಲಿ 2017ರದ್ದು ನಡುಬಿಂದುವಿನಿಂದ 59 ಪಿಕ್ಸೆಲ್ ಪಶ್ಚಿಮಕ್ಕೆ, 139 ಪಿಕ್ಸೆಲ್ ಉತ್ತರಕ್ಕೆ ಬೀಳಬೇಕು. ಆಕಾಶದ ಚಿತ್ರದಲ್ಲಿ ಉತ್ತರ ಮೇಲಿದ್ದರೆ ಪೂರ್ವ ಎಡಕ್ಕಿರುತ್ತದೆ, ಭೂಪಟದಂತೆ ಬಲಕ್ಕಲ್ಲ. ಕನ್ನಡಿಯ ಸಂಖ್ಯೆ ಬೆಸವಾದರೆ ಬಿಂಬ ಎಡಬಲವಾಗಿಯೂ ತಿರುಗಿರುತ್ತದೆ. ಇಲ್ಲಿ ತಪ್ಪಿದರೆ ಮುಂದೆ ಎಲ್ಲವೂ ತಪ್ಪು.

ಹಂತ 4: ಪ್ರತಿ ಬಾರಿಯ ಚಿತ್ರ, ಹೋಲಿಕೆ

ಮೋಡವಿಲ್ಲದ ಪ್ರತಿ ರಾತ್ರಿ ಸಾಧ್ಯವಾದರೆ ಅತ್ಯುತ್ತಮ, ವಾರಕ್ಕೆರಡು ಸಲ ಕನಿಷ್ಠ. 60 ಸೆಕೆಂಡಿನ 20 ಚಿತ್ರ ಸಾಕು. ಆಧಾರಚಿತ್ರ ತೆಗೆದ ಸಲಕರಣೆಯಿಂದಲೇ, ಕ್ಯಾಮೆರಾದ ಕೋನವನ್ನೂ ಬದಲಿಸದೆ ತೆಗೆಯಿರಿ. ನೆತ್ತಿಗೆರೆ ದಾಟಿದ ಮೇಲೆ ಮೌಂಟ್ ಮಗುಚಿಕೊಳ್ಳುವುದರಿಂದ ಚಿತ್ರ 180 ಡಿಗ್ರಿ ತಿರುಗಿರುತ್ತದೆ, ಗಾಬರಿ ಬೇಡ, ತಂತ್ರಾಂಶ ಸರಿಪಡಿಸುತ್ತದೆ.

ಎರಡು ಚಿತ್ರಗಳನ್ನು ನಕ್ಷತ್ರಕ್ಕೆ ನಕ್ಷತ್ರ ಕೂರುವಂತೆ ಜೋಡಿಸಿ, ಅರ್ಧ ಸೆಕೆಂಡಿಗೊಮ್ಮೆ ಒಂದಾದ ಮೇಲೊಂದು ಮಿನುಗಿಸಿ. ಕಣ್ಣು ಈ ಕೆಲಸದಲ್ಲಿ ಬಹಳ ಚುರುಕು: ಸಾವಿರ ನಕ್ಷತ್ರ ಕದಲದೆ ನಿಂತಿರುವಾಗ ಮಿಟುಕುವ ಒಂದು ತಾನಾಗಿ ಎದ್ದು ಕಾಣುತ್ತದೆ. ಹಳೆಯದನ್ನು ಹೊಸದರಿಂದ ಕಳೆಯುವ ವಿಧಾನ ಇನ್ನೂ ಸೂಕ್ಷ್ಮ, ಆದರೆ ಎರಡರ ಚುಕ್ಕಿಗಳ ಅಗಲ ಒಂದೇ ಇಲ್ಲದಿದ್ದರೆ ಪ್ರತಿ ಪ್ರಕಾಶದ ನಕ್ಷತ್ರದ ಸುತ್ತಲೂ ಕಪ್ಪು ಬಿಳುಪಿನ ಉಂಗುರ ಉಳಿಯುತ್ತದೆ. ಹೊಸಬರು ಮಿನುಗಿಸುವುದರಿಂದಲೇ ಶುರು ಮಾಡಲಿ.

ಹೆಚ್ಚಿನವರು ಎಡವುವ ಒಂದು ಜಾಗವಿದೆ. ತೋಳುಗಳು ಚೆಂದ ಕಾಣಲೆಂದು ಚಿತ್ರವನ್ನು ಅತಿಯಾಗಿ ಬೆಳಗಿಸಿ ನೋಡುತ್ತಾರೆ. ನಡುಭಾಗ ಆಗ ಬಿಳಿ ಮುದ್ದೆಯಾಗುತ್ತದೆ. ಅದರೊಳಗೆ ಸ್ಫೋಟವಾಗಿದ್ದರೆ ಕಾಣುವುದೇ ಇಲ್ಲ. ಒಮ್ಮೆ ತೋಳುಗಳಿಗೆಂದು ಬೆಳಗಿಸಿ, ಒಮ್ಮೆ ನಡುಭಾಗಕ್ಕೆಂದು ಕತ್ತಲಾಗಿಸಿ, ಎರಡು ಸಲ ಮಿನುಗಿಸಿ.

ಏನೂ ಸಿಗದ ರಾತ್ರಿಯೂ ವ್ಯರ್ಥವಲ್ಲ. ಆ ಚಿತ್ರದಲ್ಲಿ ಕಾಣುವ ಅತಿ ಮಂದ ನಕ್ಷತ್ರದ ಕಾಂತಿಮಾನವನ್ನು ದಿನಾಂಕದೊಂದಿಗೆ ಬರೆದಿಡಿ. 2017ರಲ್ಲಿ ವಿಗಿನ್ಸ್ ಎರಡು ದಿನ ಮೊದಲು ತೆಗೆದ ಚಿತ್ರದಲ್ಲಿ ಆ ಜಾಗ ಖಾಲಿಯಿತ್ತು. ಸ್ಫೋಟದ ಕ್ಷಣವನ್ನು ಅಷ್ಟು ಬಿಗಿಯಾಗಿ ಹಿಡಿಯಲು ಆ ಖಾಲಿ ಚಿತ್ರ ನೆರವಾಯಿತು.

ಹಂತ 5: ಹೊಸ ಚುಕ್ಕಿ ಸಿಕ್ಕಿತು, ಈಗ ಅನುಮಾನಿಸಿ

ಮೊದಲ ಕೆಲಸ, ಒಟ್ಟುಗೂಡಿಸಿದ ಚಿತ್ರ ಬಿಟ್ಟು ಬಿಡಿ ಚಿತ್ರಗಳಿಗೆ ಹೋಗಿ. ಚುಕ್ಕಿ ಎಲ್ಲದರಲ್ಲೂ ಇದೆಯೇ? ಒಂದರಲ್ಲಿ ಮಾತ್ರ ಇದ್ದರೆ ಕಾಸ್ಮಿಕ್ ಕಿರಣ. ಅಕ್ಕಪಕ್ಕದ ನಕ್ಷತ್ರಗಳಷ್ಟೇ ಅಗಲವಿದೆಯೇ? ಒಂದೆರಡು ಪಿಕ್ಸೆಲ್‌ನ ಚೂಪು ಚುಕ್ಕಿ ನಕ್ಷತ್ರವಲ್ಲ, ನಕ್ಷತ್ರದ ಬೆಳಕು ವಾತಾವರಣ ದಾಟಿ ಬರುವಾಗ ಹರಡಲೇಬೇಕು.

ಎರಡನೆಯದು, ದೂರದರ್ಶಕವನ್ನು 50 ಪಿಕ್ಸೆಲ್ ಸರಿಸಿ, ಅರ್ಧ ಗಂಟೆ ಬಿಟ್ಟು ಮತ್ತೆ ತೆಗೆಯಿರಿ. ಸಂವೇದಕದ ದೋಷವಾದರೆ ಅಥವಾ ಪಕ್ಕದ ಪ್ರಕಾಶದ ನಕ್ಷತ್ರ ಗಾಜುಗಳ ನಡುವೆ ಪ್ರತಿಫಲಿಸಿ ಮೂಡಿದ ಭೂತಬಿಂಬವಾದರೆ, ಅದು ಆಕಾಶದೊಂದಿಗೆ ಸರಿಯುವುದಿಲ್ಲ. ಕ್ಷುದ್ರಗ್ರಹವಾದರೆ ಅರ್ಧ ಗಂಟೆಯಲ್ಲಿ ಹತ್ತು ಹದಿನೈದು ಆರ್ಕ್‌ಸೆಕೆಂಡ್ ನಡೆದಿರುತ್ತದೆ. ಇಲ್ಲಿ ಅವು ಅಪರೂಪವಾದರೂ ಮೈನರ್ ಪ್ಲಾನೆಟ್ ಸೆಂಟರ್‌ನ ತಾಣದಲ್ಲಿ ಒಮ್ಮೆ ತಾಳೆ ನೋಡುವುದು ರೂಢಿ. ಎಂ61 ಗೆಲಾಕ್ಸಿಯಂತೆ ಕ್ರಾಂತಿವೃತ್ತದ ಪಕ್ಕದಲ್ಲೇ ಇರುವ ಗೆಲಾಕ್ಸಿಯಾಗಿದ್ದರೆ ಈ ಹೆಜ್ಜೆಯನ್ನೇ ಮೊದಲಿಡಬೇಕಿತ್ತು.

ಮೂರನೆಯದು, ಅಲ್ಲಿ ಮೊದಲೇ ಏನಾದರೂ ಇತ್ತೇ ಎಂದು ಆಳವಾದ ಸಮೀಕ್ಷೆಗಳಲ್ಲಿ ನೋಡುವುದು. ಪ್ಯಾನ್‌ಸ್ಟಾರ್ಸ್ ಸಮೀಕ್ಷೆಯ ಚಿತ್ರಗಳು ಈ ಭಾಗವನ್ನು ಒಳಗೊಂಡಿವೆ, ಗಾಯಾ ಬಾಹ್ಯಾಕಾಶ ನೌಕೆಯ ನಕ್ಷತ್ರಪಟ್ಟಿಯೂ ಇದೆ. ಅದೇ ಜಾಗದಲ್ಲಿ ಮಂದವಾದ ನೀಲಿ ನಕ್ಷತ್ರವಿದ್ದರೆ ಅದು ನಮ್ಮ ಆಕಾಶಗಂಗೆಯ ಕುಬ್ಜ ನೋವಾ ಆಗಿರುವ ಸಾಧ್ಯತೆ ಹೆಚ್ಚು. ಇಂಥವು ದಿಢೀರನೆ ಬೆಳಗಿ ಒಂದೆರಡು ವಾರದಲ್ಲಿ ಆರುತ್ತವೆ. ಚರ ನಕ್ಷತ್ರ ವೀಕ್ಷಕರ ಅಮೆರಿಕದ ಸಂಸ್ಥೆಯಾದ ಎಎವಿಎಸ್‌ಒದ ಚರ ನಕ್ಷತ್ರಗಳ ಪಟ್ಟಿಯನ್ನೂ ನೋಡಿ. ಪಶ್ಚಿಮ ತೋಳಿನಲ್ಲಿರುವ ದೊಡ್ಡ ಎಳೆಯ ನಕ್ಷತ್ರಸಮೂಹದಂಥ ಗಂಟುಗಳು ವಾತಾವರಣ ಸ್ಥಿರವಾಗಿರುವ ರಾತ್ರಿ ಚುಕ್ಕಿಯಂತೆ ಬಿಗಿದುಕೊಂಡು ಮೋಸಮಾಡುವುದುಂಟು. ನಿಮ್ಮ ಆಧಾರಚಿತ್ರ ಮಸುಕಾಗಿದ್ದರೆ ಇದು ಇನ್ನೂ ಹೆಚ್ಚು.

ನಾಲ್ಕನೆಯದು ಲೆಕ್ಕ. 7.7 ಮೆಗಾಪಾರ್ಸೆಕ್ ದೂರಕ್ಕೆ ದೂರಾಂಕ, ಅಂದರೆ ನಿರಪೇಕ್ಷ ಕಾಂತಿಮಾನಕ್ಕೆ ದೂರದಿಂದಾಗಿ ಕೂಡಿಸಬೇಕಾದ ಅಂಕಿ, 29.4. ಎರಡನೆಯ ಬಗೆಯ ಸೂಪರ್‌ನೋವಾದ ನಿರಪೇಕ್ಷ ಕಾಂತಿಮಾನ (10 ಪಾರ್ಸೆಕ್ ದೂರದಿಂದ ನೋಡಿದರೆ ಕಾಣುವಷ್ಟು) ಮೈನಸ್ 17ರ ಸುತ್ತಮುತ್ತ. ಧೂಳಿನ 0.9 ಸೇರಿಸಿದರೆ ನಮಗೆ ಕಾಣಬೇಕಾದದ್ದು 13.3ರ ಆಸುಪಾಸು. 2017ರದ್ದು 12.8 ಇತ್ತು, ಹಿಂದಕ್ಕೆ ಲೆಕ್ಕ ಹಾಕಿದರೆ ಮೈನಸ್ 17.5, ಸರಿಯಾಗಿಯೇ ಇದೆ. ಈ ಗೆಲಾಕ್ಸಿಯಲ್ಲಿ ಸಾಮಾನ್ಯ ನೋವಾ (ಸೂಪರ್‌ನೋವಾಗಿಂತ ಬಹಳ ಚಿಕ್ಕದಾದ, ನಕ್ಷತ್ರದ ಮೇಲ್ಮೈಯ ಸ್ಫೋಟ) ಸ್ಫೋಟಿಸಿದರೆ 22ಕ್ಕೂ ಮಂದ, ನಿಮ್ಮ ಚಿತ್ರಕ್ಕೆ ಅದು ಬೀಳುವುದಿಲ್ಲ.

ಹಾಗಾದರೆ 16 ಅಥವಾ 17ರ ಚುಕ್ಕಿ ಸಿಕ್ಕಿದರೆ? ತಳ್ಳಿಹಾಕಬೇಡಿ, ನಾಲ್ಕು ಸಾಧ್ಯತೆಗಳಿವೆ. ಮುನ್ನೆಲೆಯ ಚರ ನಕ್ಷತ್ರ ಒಂದು. ಸ್ಫೋಟದ ಮೊದಲ ಗಂಟೆಗಳಲ್ಲೇ ಹಿಡಿದಿರಬಹುದು, ಅದು ಎರಡು. ಮರುದಿನ ಎಷ್ಟು ಏರಿದೆ ನೋಡಿದರೆ ತಿಳಿಯುತ್ತದೆ. ಮೂರನೆಯದಕ್ಕೆ 2002ಎಚ್‌ಎಚ್ ಉದಾಹರಣೆ: ದಾರಿಯ ಧೂಳಿನ ಜೊತೆಗೆ ಅದರ ಸುತ್ತಲೂ ದಟ್ಟ ಧೂಳಿದ್ದು, ದೃಗ್ಗೋಚರ ಬೆಳಕು ಒಟ್ಟು ಸುಮಾರು 5 ಕಾಂತಿಮಾನ, ಅಂದರೆ ನೂರರಲ್ಲಿ ಒಂದು ಪಾಲಿಗೆ ಇಳಿದಿತ್ತು. ಇಂಥದ್ದು ಕೆಂಪು ಶೋಧಕದಲ್ಲಿ (ಫಿಲ್ಟರ್‌ನಲ್ಲಿ) ಹಸಿರಿಗಿಂತ ಬಹಳ ಪ್ರಕಾಶವಾಗಿ ಕಾಣುತ್ತದೆ, ಆದ್ದರಿಂದ ಕೈಯಲ್ಲಿ ಒಂದು ಕೆಂಪು ಶೋಧಕ ಇರಲಿ. ನಾಲ್ಕನೆಯದು 2008ಎಸ್‌ನಂಥದ್ದು. 17.6ರಲ್ಲಿ ಸಿಕ್ಕಿದ ಅದು ನಿಜವಾದ ಸೂಪರ್‌ನೋವಾವೋ, ನಕ್ಷತ್ರ ಉಳಿದುಕೊಂಡ ಸೋಗಿನ ಸ್ಫೋಟವೋ ಎಂಬ ಚರ್ಚೆ ಬಹಳ ಕಾಲ ನಡೆಯಿತು. ಸ್ಫೋಟಕ್ಕೆ ಮುಂಚಿನ ದೃಗ್ಗೋಚರ ಚಿತ್ರಗಳಲ್ಲಿ ಅಲ್ಲಿ ಏನೂ ಇರಲಿಲ್ಲ, ಸ್ಪಿಟ್ಜರ್ ಬಾಹ್ಯಾಕಾಶ ದೂರದರ್ಶಕದ ಅವಕೆಂಪು ಚಿತ್ರಗಳಲ್ಲಿ ಮಾತ್ರ ಧೂಳಿನಲ್ಲಿ ಮುಚ್ಚಿಹೋದ, ಸೂರ್ಯನ ಸುಮಾರು ಹತ್ತು ಪಟ್ಟು ತೂಕದ ನಕ್ಷತ್ರ ಕಂಡಿತು.

ಹಂತ 6: ತಿಳಿಸುವುದು

ಹೊಸ ಸ್ಫೋಟಗಳ ಅಧಿಕೃತ ದಾಖಲೆ ಅಂತರರಾಷ್ಟ್ರೀಯ ಖಗೋಳ ಒಕ್ಕೂಟದ ಪರವಾಗಿ ನಡೆಯುವ ಟ್ರಾನ್ಸಿಯೆಂಟ್ ನೇಮ್ ಸರ್ವರ್‌ನಲ್ಲಿದೆ. ಮೊದಲು ಅಲ್ಲಿ ನಿಮ್ಮ ಬಿಂದುವಿನ ಸುತ್ತ 10 ಆರ್ಕ್‌ಸೆಕೆಂಡ್ ಹುಡುಕಿ. ಸ್ವಯಂಚಾಲಿತ ಸಮೀಕ್ಷೆಗಳ ಈ ಕಾಲದಲ್ಲಿ ಯಾರೋ ಮೊದಲೇ ಸೇರಿಸಿರುವುದೇ ಹೆಚ್ಚು. ಆದರೂ ಹವ್ಯಾಸಿಗಳ ಪಾಳಿ ಮುಗಿದಿಲ್ಲ. 2023ರ ಮೇ 19ರಂದು ಎಂ101 ಗೆಲಾಕ್ಸಿಯ ಪ್ರಸಿದ್ಧ ಸೂಪರ್‌ನೋವಾವನ್ನು ಮೊದಲು ಕಂಡದ್ದು ಜಪಾನಿನ ಹವ್ಯಾಸಿ ಕೊಯಿಚಿ ಇಟಗಾಕಿ.

ನಿಮ್ಮ ಚುಕ್ಕಿ ಅಲ್ಲಿ ಇಲ್ಲದಿದ್ದರೆ ಖಾತೆ ತೆರೆದು ಇವುಗಳನ್ನು ಸಿದ್ಧವಿಟ್ಟುಕೊಳ್ಳಿ: ಆರ್ಕ್‌ಸೆಕೆಂಡ್‌ನ ನಿಖರತೆಯ ಸ್ಥಾನ, ಕಂಡ ಸಮಯ, ಕಾಂತಿಮಾನ, ಶೋಧಕ, ಸಲಕರಣೆ, ಕೊನೆಯ ಖಾಲಿ ಚಿತ್ರದ ದಿನಾಂಕ ಮತ್ತು ಅದರ ಮಿತಿ. ಸಮಯ ಯುನಿವರ್ಸಲ್ ಟೈಮ್‌ನಲ್ಲೇ ಇರಬೇಕು. ಸ್ಥಳೀಯ ಗಡಿಯಾರದ ಹೊತ್ತು ಬರೆದು ದಿನವೇ ಬದಲಾಗುವುದು ಬಹಳ ಸಾಮಾನ್ಯ ತಪ್ಪು. ಕಂಪ್ಯೂಟರಿನ ಗಡಿಯಾರ ಹಿಂದೆ ಮುಂದೆ ಇದ್ದರೂ ಅದೇ ಗತಿ.

ನೀವು ತಿಳಿಸಿದ ಕೂಡಲೇ ಸಿಗುವ ಹೆಸರು ‘ಎಟಿ’ ಎಂದು ಆರಂಭವಾಗುತ್ತದೆ, ಜೊತೆಗೆ ವರ್ಷ ಮತ್ತು ಅಕ್ಷರಗಳು. ಯಾರಾದರೂ ರೋಹಿತ ತೆಗೆದು ಸೂಪರ್‌ನೋವಾ ಎಂದು ಖಚಿತಪಡಿಸಿದ ಮೇಲೆ ಅದು ‘ಎಸ್‌ಎನ್’ ಆಗುತ್ತದೆ. ಅಲ್ಲಿಯವರೆಗೆ ಸೂಪರ್‌ನೋವಾ ಸಿಕ್ಕಿತೆಂದು ಸಾರಿಕೊಳ್ಳದಿರುವುದು ಲೇಸು.

ಹಂತ 7: ಕಾಂತಿಮಾನ ಅಳೆಯುವುದು

ಪತ್ತೆ ಯಾರೇ ಮಾಡಿರಲಿ, ಮುಂದಿನ ತಿಂಗಳುಗಳ ಅಳತೆ ಎಲ್ಲರಿಗೂ ತೆರೆದ ಕೆಲಸ. ಎಎವಿಎಸ್‌ಒ ನಕ್ಷೆಯಿಂದ ಹೋಲಿಕೆಯ ಎರಡು ಮೂರು ನಕ್ಷತ್ರ ಆರಿಸಿ. ಕಾಂತಿಮಾನ ಸೂಪರ್‌ನೋವಾದ ಹತ್ತಿರ ಇರಲಿ, ತೀರಾ ನೀಲಿ ಅಥವಾ ತೀರಾ ಕೆಂಪು ಬೇಡ. ಒಂದನ್ನು ಲೆಕ್ಕಕ್ಕೆ ಬಳಸದೆ ಪರೀಕ್ಷೆಗೆಂದೇ ಇಟ್ಟುಕೊಳ್ಳಿ: ಅದರ ಕಾಂತಿಮಾನ ರಾತ್ರಿಯಿಂದ ರಾತ್ರಿಗೆ ಬದಲಾದರೆ ತಪ್ಪು ನಿಮ್ಮ ಕಡೆ ಇದೆ.

16 ಬಿಟ್ ಕ್ಯಾಮೆರಾದಲ್ಲಿ ಗರಿಷ್ಠ ಎಣಿಕೆ 65,535. ಅಳೆಯುವ ಯಾವ ನಕ್ಷತ್ರದ ತುದಿಯೂ 50,000 ದಾಟದಂತೆ ಅವಧಿ ಇಳಿಸಿ. ತುಂಬಿ ತುಳುಕಿದ ನಕ್ಷತ್ರದ ಅಳತೆಗೆ ಬೆಲೆಯಿಲ್ಲ.

ಅಳೆಯುವ ವೃತ್ತದ ತ್ರಿಜ್ಯ ಚುಕ್ಕಿಯ ಅರ್ಧ ಎತ್ತರದ ಅಗಲಕ್ಕಿಂತ ಒಂದೂವರೆಯಿಂದ ಎರಡು ಪಟ್ಟು. ಹಿನ್ನೆಲೆಗೆ ಅದರ ಹೊರಗೊಂದು ಉಂಗುರ. ಲೆಕ್ಕ ಹೀಗೆ: ಹೋಲಿಕೆಯ ನಕ್ಷತ್ರದ ಕಾಂತಿಮಾನದಿಂದ, ಎರಡರ ಎಣಿಕೆಗಳ ಅನುಪಾತದ ಲಾಗರಿದಮ್‌ನ 2.5 ಪಟ್ಟನ್ನು ಕಳೆಯಿರಿ. ಹೋಲಿಕೆಯ ನಕ್ಷತ್ರ 12.50, ಅದರ ಎಣಿಕೆ 31,500. ಸೂಪರ್‌ನೋವಾದ ಎಣಿಕೆ 42,000. ಅನುಪಾತ 1.333, ಲಾಗರಿದಮ್ 0.125, ಅದರ 2.5 ಪಟ್ಟು 0.31. ಉತ್ತರ 12.19.

ತೊಡಕು ಬರುವುದು ಹಿನ್ನೆಲೆಯ ಉಂಗುರದಲ್ಲಿ. ಸೂಪರ್‌ನೋವಾ ತೋಳಿನ ಅಂಚಿನಲ್ಲಿದ್ದರೆ ಉಂಗುರದ ಅರ್ಧ ಬೆಳಗಿದ ತೋಳಿನ ಮೇಲೆ, ಅರ್ಧ ಕತ್ತಲೆಯ ಮೇಲೆ ಬೀಳುತ್ತದೆ. ಸ್ಫೋಟ ಪ್ರಕಾಶವಾಗಿರುವಾಗ ಈ ತಪ್ಪು ಗೊತ್ತಾಗುವುದಿಲ್ಲ. ಅದು 16ಕ್ಕೆ ಇಳಿದಾಗ, ದಿನ ಕಳೆದಂತೆ ಕಾಂತಿಮಾನ ಹೇಗೆ ಬದಲಾಯಿತೆಂದು ತೋರಿಸುವ ರೇಖೆ ಸುಳ್ಳಾಗಿ ಸಪಾಟಾಗುತ್ತದೆ, ಏಕೆಂದರೆ ನೀವು ಅಳೆಯುತ್ತಿರುವುದು ತೋಳನ್ನು. ಪರಿಹಾರ ಮೂರನೆಯ ಹಂತದ ಆಧಾರಚಿತ್ರವೇ. ಅದನ್ನು ಹೊಸ ಚಿತ್ರದಿಂದ ಕಳೆದು, ಉಳಿದದ್ದನ್ನು ಅಳೆಯಿರಿ.

ಬಣ್ಣದ ಕ್ಯಾಮೆರಾದವರು ಹಸಿರು ಪಿಕ್ಸೆಲ್‌ಗಳನ್ನು ಮಾತ್ರ ಬಳಸಿ, ವರದಿಯಲ್ಲಿ ಅದನ್ನು ‘ಟಿಜಿ’ ಎಂದೇ ನಮೂದಿಸಿ. ‘ವಿ’ ಎಂದು ಬರೆಯಬೇಡಿ, ಅದು ಖಗೋಳಜ್ಞರ ಪ್ರಮಾಣಿತ ಹಸಿರು ಶೋಧಕದ ಹೆಸರು. ಸೂಪರ್‌ನೋವಾ ದಿನ ಕಳೆದಂತೆ ಕೆಂಪಾಗುವುದರಿಂದ ಎರಡರ ನಡುವಿನ ಅಂತರ ಹಿಗ್ಗುತ್ತ ಹೋಗುತ್ತದೆ.

ರೇಖೆಯಲ್ಲಿ ಏನು ಕಾಣಬೇಕು

2004ಇಟಿ ಮತ್ತು 2017ಇಎಡಬ್ಲ್ಯೂ ಎರಡೂ ಪ್ರಸ್ಥಭೂಮಿ ಬಗೆಯವು. ಮೊದಲು ಕೆಲವೇ ದಿನಗಳಲ್ಲಿ ಏರಿಕೆ, ಆಮೇಲೆ ಸುಮಾರು ನೂರು ದಿನ ಬಹುಮಟ್ಟಿಗೆ ಸಮತಟ್ಟು. ಕಾರಣ ಹೈಡ್ರೋಜನ್ ಹೊದಿಕೆ: ಹಿಗ್ಗುತ್ತ ತಣ್ಣಗಾಗುತ್ತಿರುವ ಅದರಲ್ಲಿ ಎಲೆಕ್ಟ್ರಾನ್‌ಗಳು ಮತ್ತೆ ಪರಮಾಣುಗಳನ್ನು ಸೇರುವ ಗಡಿ ಹೊರಗಿನಿಂದ ಒಳಕ್ಕೆ ಸರಿಯುತ್ತ ಹೋಗುತ್ತದೆ, ನಮಗೆ ಕಾಣುವ ಮೇಲ್ಮೈಯ ಗಾತ್ರವೂ ಉಷ್ಣತೆಯೂ ಹೆಚ್ಚು ಬದಲಾಗುವುದಿಲ್ಲ. ಹೊದಿಕೆ ಮುಗಿದದ್ದೇ ಕೆಲವು ವಾರಗಳಲ್ಲಿ ಕಡಿದಾದ ಇಳಿತ. ಈ ಇಳಿತದಲ್ಲಿ ವಾರಕ್ಕೊಂದು ಅಳತೆ ಸಾಲದು, ದಿನ ಬಿಟ್ಟು ದಿನ ಬೇಕು. 1980ಕೆ ಬೇರೆ ಜಾತಿ, ಅದರಲ್ಲಿ ಪ್ರಸ್ಥಭೂಮಿಯಿರಲಿಲ್ಲ. ಶಿಖರದಿಂದಲೇ ಒಂದೇ ಸಮನೆ ಇಳಿಯಿತು.

ಕೊನೆಯ ಭಾಗ ನನ್ನ ಮಟ್ಟಿಗೆ ಅತ್ಯಂತ ಸೊಗಸಿನದು. ಸ್ಫೋಟದಲ್ಲಿ ಹುಟ್ಟಿದ ನಿಕಲ್-56 ಆರು ದಿನಗಳ ಅರ್ಧಾಯುಷ್ಯದಲ್ಲಿ ಕೋಬಾಲ್ಟ್-56 ಆಗಿರುತ್ತದೆ, ಅದು 77 ದಿನಗಳ ಅರ್ಧಾಯುಷ್ಯದಲ್ಲಿ ಕಬ್ಬಿಣವಾಗುತ್ತದೆ. ಆ ಶಕ್ತಿಯಷ್ಟೇ ಈಗ ಉರಿಸುತ್ತಿರುವುದರಿಂದ ರೇಖೆ ನೂರು ದಿನಕ್ಕೆ 0.98 ಕಾಂತಿಮಾನದ ಲೆಕ್ಕದಲ್ಲಿ ನೇರವಾಗಿ ಇಳಿಯಬೇಕು. ನಿಮ್ಮ ಬಿಂದುಗಳು ಆ ಇಳಿಜಾರಿನ ಹತ್ತಿರ ಕೂತರೆ, ಎರಡೂವರೆ ಕೋಟಿ ಜ್ಯೋತಿರ್ವರ್ಷ ದೂರದ ವಿಕಿರಣಶೀಲ ಧಾತುವಿನ ಅರ್ಧಾಯುಷ್ಯವನ್ನು ಅಂಗಳದಿಂದ ಅಳೆದಂತಾಯಿತು. ಅದಕ್ಕಿಂತ ಬೇಗ ಇಳಿದರೆ ಗಾಮಾ ಕಿರಣಗಳು ಹೊರಗೆ ಸೋರುತ್ತಿವೆ, ಅಥವಾ ಅವಶೇಷದಲ್ಲೇ ಹೊಸ ಧೂಳು ಕಟ್ಟಿಕೊಳ್ಳುತ್ತಿದೆ.

ಮಿಟುಕಿದ್ದಷ್ಟೇ ಅಲ್ಲ, ಮಾಯವಾದದ್ದೂ

ಈ ಗೆಲಾಕ್ಸಿಯಲ್ಲಿ ಸೂರ್ಯನ ಸುಮಾರು 25 ಪಟ್ಟು ತೂಕದ ಒಂದು ಕೆಂಪು ಮಹಾದೈತ್ಯ ನಕ್ಷತ್ರ 2009ರಲ್ಲಿ ಸೂರ್ಯನ ಹತ್ತು ಲಕ್ಷ ಪಟ್ಟಿಗೂ ಹೆಚ್ಚು ಬೆಳಗಿ, 2015ರ ಹೊತ್ತಿಗೆ ದೃಗ್ಗೋಚರ ಬೆಳಕಿನಲ್ಲಿ ಕಾಣದಾಯಿತು. ಸ್ಫೋಟವೇ ಇಲ್ಲದೆ ನೇರ ಕಪ್ಪುಕುಳಿಯಾಗಿ ಕುಸಿದಿರಬಹುದು ಎಂಬ ಊಹೆಯಿಂದ ಅದಕ್ಕೆ ಎನ್6946-ಬಿಎಚ್1 ಎಂದು ಹೆಸರಿಟ್ಟರು. ಜೇಮ್ಸ್ ವೆಬ್ ದೂರದರ್ಶಕ ಅದೇ ಜಾಗದಲ್ಲಿ ಅವಕೆಂಪು ಬೆಳಕಿನ ಒಂದಕ್ಕಿಂತ ಹೆಚ್ಚು ಮೂಲಗಳನ್ನು ತೋರಿಸಿದ ಮೇಲೆ, ಇದು ಎರಡು ನಕ್ಷತ್ರಗಳು ಒಂದಾದದ್ದೂ ಆಗಿರಬಹುದೆಂಬ ವಾದ ಎದ್ದಿದೆ. ಆ ನಕ್ಷತ್ರ ಮಾಯವಾದದ್ದನ್ನು ಕಂಡುಹಿಡಿದದ್ದು ಲಾರ್ಜ್ ಬೈನಾಕ್ಯುಲರ್ ಟೆಲಿಸ್ಕೋಪ್‌ನ ಸಮೀಕ್ಷೆ. ಹವ್ಯಾಸಿ ಕನ್ನಡಿಗೆ ಎಟಕುವ ಬೇಟೆ ಅಲ್ಲ. ವಿಧಾನ ಮಾತ್ರ ನಾಲ್ಕನೆಯ ಹಂತದ್ದೇ: ಅದೇ ಸಲಕರಣೆ, ಅದೇ ಚೌಕಟ್ಟು, ವರ್ಷಗಟ್ಟಲೆ ಚಿತ್ರ, ಹಳೆಯದನ್ನು ಹೊಸದರಿಂದ ಕಳೆಯುವುದು.

ಗೆಲಾಕ್ಸಿ ತೀರಾ ಕೆಳಗಿರುವ ದಕ್ಷಿಣದವರು ಇದೇ ಕ್ರಮವನ್ನು ಎಂ83 ಗೆಲಾಕ್ಸಿಗೆ ಅನ್ವಯಿಸಬಹುದು. ಅದರ ಘಂಟಾವೃತ್ತಾಂಶ ದಕ್ಷಿಣ 30 ಡಿಗ್ರಿ, ದಾಖಲಾದ ಸೂಪರ್‌ನೋವಾ ಆರು, ಕೊನೆಯದು 1983ರದ್ದು.